ಒಂದು ಹನಿ ರಕ್ತದಲ್ಲಿ ಮಿದುಳಿನ ಉರಿಯೂತ

ತೆಂಗಿನ ಮರದಿಂದ ಯಾರಾದರೂ ಬಿದ್ದರೆಂದು ಸುದ್ದಿ ಬಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮೊದಲು ಕೇಳುವುದು ‘ತಲೆಗೇನಾದ್ರೂ ಪೆಟ್ಟು ಬಿತ್ತಾ?’ ಎಂದೇ. ಕೈಕಾಲು ಮುರಿದರೆ ಕಣ್ಣಿಗೆ ಕಾಣುತ್ತದೆ, ತಲೆಯೊಳಗಿನದು ಕಾಣುವುದಿಲ್ಲ. ಬಿದ್ದವನು ಎದ್ದು ಕೂತು, ನೀರು ಕುಡಿದು, ಚೆನ್ನಾಗಿಯೇ ಮಾತಾಡಿ, ಕೆಲವು ಗಂಟೆ ಕಳೆದ ಮೇಲೆ ವಾಂತಿ ಮಾಡಿಕೊಂಡು ಮಂಪರಿಗೆ ಜಾರುವುದುಂಟು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟುವಾಗ ಆಗುವುದೇ ಹೀಗೆ. ಆಗ ನರಶಸ್ತ್ರಚಿಕಿತ್ಸಕರು ಬೇಕು. ತುರುವೇಕೆರೆ ಕಡೆಯವರು ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಯತ್ತ ಹೋಗಬಹುದು, ತಿಪಟೂರಿನವರು ತುಮಕೂರಿಗೋ ಹಾಸನಕ್ಕೋ. ಕೈಮೀರಿದರೆ ಎಲ್ಲರಿಗೂ ಬೆಂಗಳೂರಿನ ನಿಮ್ಹಾನ್ಸ್. ತಿಪಟೂರಿನಿಂದ ಬಿ.ಎಚ್. ರಸ್ತೆಯಲ್ಲಿ ಅದು ಸುಮಾರು 140 ಕಿಲೋಮೀಟರ್. ಯಾರನ್ನು ತಕ್ಷಣ ಕಳಿಸಬೇಕು, ಯಾರನ್ನು ಇಲ್ಲೇ ಮಲಗಿಸಿ ನೋಡಿಕೊಳ್ಳಬಹುದು ಎಂಬುದನ್ನು ಒಂದು ಹನಿ ರಕ್ತ ಹೇಳಿಬಿಟ್ಟರೆ? ಈ ಆಸೆಯ ಬೆನ್ನು ಹತ್ತಿದ ವಿಜ್ಞಾನಕ್ಕೆ ಅರವತ್ತು ವರ್ಷ ದಾಟಿದೆ.

ತೆಂಗಿಗೂ ತಲೆಪೆಟ್ಟಿಗೂ ಇರುವ ನಂಟು ವೈದ್ಯಲೋಕಕ್ಕೆ ಹೊಸದಲ್ಲ. ಪೀಟರ್ ಬಾರ್ಸ್ ಎಂಬ ವೈದ್ಯರು ಪಪುವಾ ನ್ಯೂಗಿನಿಯ ಆಸ್ಪತ್ರೆಯೊಂದರ ನಾಲ್ಕು ವರ್ಷದ ದಾಖಲೆ ತೆಗೆದು ನೋಡಿದರು. ಪೆಟ್ಟು ತಿಂದು ದಾಖಲಾದವರಲ್ಲಿ ಶೇ. 2.5ರಷ್ಟು ಮಂದಿ ಮೇಲಿಂದ ಕಾಯಿ ಬಿದ್ದು ಗಾಯಗೊಂಡವರು ಎಂದು 1984ರಲ್ಲಿ ಬರೆದರು. ಆ ಲೇಖನಕ್ಕೆ 2001ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಬಂತು. ನಕ್ಕವರಿಗೆ ತೋಟ ಇದ್ದಿರಲಾರದು. ನಮ್ಮಲ್ಲಿ ಈ ಲೆಕ್ಕವನ್ನು ಗಂಭೀರವಾಗಿ ಹಿಡಿದವರು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್. ಭಾರತದಲ್ಲಿ ಮಿದುಳಿಗೆ ಪೆಟ್ಟಾಗುವವರಲ್ಲಿ ಸುಮಾರು ಶೇ. 60 ಮಂದಿ ರಸ್ತೆ ಅಪಘಾತದವರು, ಶೇ. 20ರಿಂದ 25 ಮಂದಿ ಬಿದ್ದವರು ಎಂಬ ಅವರ ಅಂದಾಜನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ.

ಆ ಒಂದು ಹನಿ ರಕ್ತದ ಕಥೆ ಶುರುವಾಗುವುದು ತಲೆಯಿಂದಲ್ಲ, ಸಕ್ಕರೆಯಿಂದ. ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್ 1956ರಲ್ಲಿ ರಕ್ತದ ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಪ್ರಕಟಿಸಿದರು. 1962ರಲ್ಲಿ ಅವರೂ ಲಯನ್ಸ್ ಎಂಬ ಸಹೋದ್ಯೋಗಿಯೂ ಅದರ ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕೂರಿಸುವ ಉಪಾಯ ಹೇಳಿದರು. ಕಿಣ್ವ ಸಕ್ಕರೆಯನ್ನು ಒಡೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಎಷ್ಟು ಖರ್ಚಾಯಿತು ಎಂಬುದನ್ನು ಎಲೆಕ್ಟ್ರೋಡ್ ವಿದ್ಯುತ್ತಿನ ಲೆಕ್ಕದಲ್ಲಿ ಹೇಳುತ್ತದೆ. ಬಯೋಸೆನ್ಸರ್ ಹುಟ್ಟಿದ್ದು ಹಾಗೆ. 1984ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಆಮ್ಲಜನಕದ ಬದಲು ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತದಿಂದ ಎಲೆಕ್ಟ್ರಾನ್ ಸಾಗಿಸಿದರು, ಮೂರು ವರ್ಷದಲ್ಲಿ ಪೆನ್ನಿನ ಗಾತ್ರದ ಶುಗರ್ ಮೀಟರ್ ಮಾರುಕಟ್ಟೆಗೆ ಬಂತು. ಇಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಬೆರಳು ಚುಚ್ಚಿ ಸ್ಟ್ರಿಪ್ ಒದ್ದೆ ಮಾಡುವುದು ಆ ವಂಶದ ಯಂತ್ರಕ್ಕೇ.

ಸಕ್ಕರೆಗೆ ಒಲಿದದ್ದು ಮಿದುಳಿಗೆ ಪೆಟ್ಟಾದಾಗ ಏಳುವ ಉರಿಯೂತಕ್ಕೂ ಒಲಿಯುತ್ತದೆ ಎಂದುಕೊಂಡವರಿಗೆ ಪ್ರಮಾಣವೇ ಅಡ್ಡ ಬಂತು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಸಕ್ಕರೆ ಇರುತ್ತದೆ, ಅಂದರೆ ನೂರು ಕೋಟಿ ಪಿಕೋಗ್ರಾಂ. ಪೆಟ್ಟು ಬಿದ್ದಾಗ ಏರುವ ಐಎಲ್-6 ಎಂಬ ಪ್ರೋಟೀನ್ ಅಷ್ಟೇ ರಕ್ತದಲ್ಲಿ ನೂರು ಪಿಕೋಗ್ರಾಂ ಇದ್ದರೂ ಹೆಚ್ಚೇ. ಸಕ್ಕರೆಗಿಂತ ಕೋಟಿ ಪಟ್ಟು ಕಡಿಮೆ ಇರುವುದನ್ನು ಹುಡುಕಬೇಕು, ಅದನ್ನು ಒಡೆಯುವ ಕಿಣ್ವವೂ ಕೈಯಲ್ಲಿಲ್ಲ.

ಹಾಗಾಗಿ ಪ್ರತಿಕಾಯಗಳ ಮೊರೆ ಹೋದರು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ರೂಪಿಸಿದ ಎಲೈಸಾ ಪರೀಕ್ಷೆಯನ್ನೇ ಎಲೆಕ್ಟ್ರೋಡಿನ ಮೇಲೆ ನಡೆಸುವುದು ಉಪಾಯ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಇಂಗಾಲದ ಶಾಯಿಯಲ್ಲಿ ಮೂರು ಎಲೆಕ್ಟ್ರೋಡ್ ಅಚ್ಚು ಹಾಕಿ, ಅದರಲ್ಲೊಂದಕ್ಕೆ ಚಿನ್ನದ ನ್ಯಾನೊಕಣವನ್ನೋ ಗ್ರಾಫೀನ್ ಎಂಬ ಇಂಗಾಲದ ತೆಳುಪದರವನ್ನೋ ಬಳಿದು, ಮೇಲೆ ಪ್ರತಿಕಾಯ ಅಂಟಿಸುತ್ತಾರೆ. ರಕ್ತದಲ್ಲಿ ಹುಡುಕುವ ಪ್ರೋಟೀನ್ ಇದ್ದರೆ ಪ್ರತಿಕಾಯ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಕಿಣ್ವ ಹೊತ್ತ ಎರಡನೇ ಪ್ರತಿಕಾಯ ಬಂದು ಅದೇ ಪ್ರೋಟೀನಿಗೆ ಕೂರುತ್ತದೆ, ಆ ಕಿಣ್ವ ಹುಟ್ಟಿಸುವ ವಸ್ತುವಿನಿಂದ ಕರೆಂಟ್ ಹರಿಯುತ್ತದೆ. ಇನ್ನೊಂದು ದಾರಿಯಲ್ಲಿ ಎರಡನೇ ಪ್ರತಿಕಾಯವೇ ಬೇಡ. ಎಲೆಕ್ಟ್ರೋಡಿನ ಮೈಮೇಲೆ ಪ್ರೋಟೀನ್ ಕೂತಷ್ಟೂ ದ್ರಾವಣದಲ್ಲಿರುವ ಫೆರೊಸಯನೈಡ್ ಎಂಬ ರಾಸಾಯನಿಕ ಅದನ್ನು ಮುಟ್ಟುವುದು ಕಷ್ಟವಾಗುತ್ತದೆ, ಆ ಅಡ್ಡಿಯನ್ನೇ ಅಳೆದು ಲೆಕ್ಕ ಹಾಕುತ್ತಾರೆ. ನೋಡಲು ಸುಂದರ, ಆದರೆ ರಕ್ತದ ಬೇರೆ ಪ್ರೋಟೀನುಗಳೂ ಅಲ್ಲೇ ಬಂದು ಅಂಟಿಕೊಂಡರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. 

ಇಂಥ ಪಟ್ಟಿಗಳ ಬಗೆಗಿನ ಸಂಶೋಧನಾ ಲೇಖನಗಳು ಈಗ ರಾಶಿ ಬಿದ್ದಿವೆ. ನನ್ನ ತಕರಾರು ಒಂದೇ. ಬಹುಪಾಲು ಲೇಖನಗಳಲ್ಲಿ ಪರೀಕ್ಷೆಗೆ ಒಳಗಾಗುವುದು ರೋಗಿಯ ರಕ್ತವಲ್ಲ. ಆರೋಗ್ಯವಂತರ ಸೀರಮ್ಮಿಗೆ ತಾವೇ ಅಳತೆ ಮಾಡಿ ಐಎಲ್-6 ಬೆರೆಸಿ, ಬೆರೆಸಿದ್ದು ಸಿಕ್ಕಿತು ಎನ್ನುತ್ತಾರೆ. ಮರದಿಂದ ಬಿದ್ದವನ ರಕ್ತ ಅಷ್ಟು ಸಂಭಾವಿತವಾಗಿರುವುದಿಲ್ಲ.

ಇನ್ನು ಉರಿಯೂತದ ವಿಚಾರ. ಅದರ ಸೂಚಕ ಪ್ರೋಟೀನ್ ಸಿಆರ್‌ಪಿ ಪತ್ತೆಯಾದದ್ದು 1930ರಲ್ಲಿ. ಐಎಲ್-6ರ ಜೀನ್ ಗುರುತಿಸಿದ್ದು 1986ರಲ್ಲಿ, ಜಪಾನಿನ ಹಿರಾನೊ, ಕಿಶಿಮೊಟೊ ತಂಡ. ಕೋವಿಡ್ ಕಾಲದ ಲ್ಯಾಬ್ ರಿಪೋರ್ಟುಗಳಲ್ಲಿ ಡಿ-ಡೈಮರ್, ಫೆರಿಟಿನ್ ಜೊತೆಗೆ ಈ ಎರಡೂ ಹೆಸರು ನಮ್ಮ ಮನೆಮನೆಗೂ ಬಂದವು. ಮಿದುಳಿಗೆ ಪೆಟ್ಟಾದಾಗ ಅಲ್ಲಿನ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಕೆರಳಿ ಐಎಲ್-1, ಟಿಎನ್‌ಎಫ್, ಐಎಲ್-6 ಎಂಬ ಪ್ರೋಟೀನುಗಳನ್ನು ಸುರಿಸುತ್ತವೆ. ಊತ ಹೆಚ್ಚಿ ಮೊದಲ ಪೆಟ್ಟಿನಲ್ಲಿ ಉಳಿದ ಕೋಶಗಳೂ ಸಾಯತೊಡಗುತ್ತವೆ. ಹಾಗಾದರೆ ಉರಿಯೂತ ಅಡಗಿಸಿದರಾಯಿತಲ್ಲ ಎಂದು ದಶಕಗಟ್ಟಲೆ ಸ್ಟೆರಾಯ್ಡ್ ಕೊಟ್ಟರು. ಕ್ರ್ಯಾಶ್ ಎಂಬ ಅಧ್ಯಯನ 10,008 ಗಾಯಾಳುಗಳನ್ನು ನೋಡಿ 2004ರಲ್ಲಿ ಕೊಟ್ಟ ಉತ್ತರ ಬೇರೆ ಇತ್ತು. ಸ್ಟೆರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಶೇ. 21.1 ಮಂದಿ ಸತ್ತಿದ್ದರು, ಪಡೆಯದವರಲ್ಲಿ ಶೇ. 17.9. ಅಲ್ಲಿಂದಾಚೆಗೆ ಸಂಶೋಧಕರು ತಗ್ಗಿ ನಡೆಯತೊಡಗಿದರು. ಕೇಂಬ್ರಿಜ್‌ನ ವೈದ್ಯರು ಮಿದುಳಿನೊಳಗೇ ಸಣ್ಣ ನಳಿಕೆ ಇಟ್ಟು ಈ ಪ್ರೋಟೀನುಗಳ ಏರಿಳಿತವನ್ನು ದಿನದಿನಕ್ಕೆ ಅಳೆದರು. ಐಎಲ್-1ನ್ನು ತಡೆಯುವ ಔಷಧಿಯನ್ನು 20 ಮಂದಿಯ ಅಧ್ಯಯನದಲ್ಲಿ ಅರ್ಧ ಮಂದಿಗೆ ಕೊಟ್ಟು ನೋಡಿ 2014ರಲ್ಲಿ ವರದಿ ಮಾಡಿದರು. ಯಾವ ಉರಿಯೂತ, ಯಾವ ದಿನ ಎಂದು ತಿಳಿಯದೆ ಮದ್ದು ಕೊಡುವ ಧೈರ್ಯ ಈಗ ಯಾರಿಗೂ ಇಲ್ಲ. ಬಯೋಸೆನ್ಸರಿಗೆ ನಿಜವಾದ ಕೆಲಸವಿರುವುದು ಇಲ್ಲೇ.

ಮಾರುಕಟ್ಟೆ ಮಾತ್ರ ಬೇರೆ ದಾರಿ ಹಿಡಿಯಿತು. ಗಾಯಗೊಂಡ ಮಿದುಳಿನಿಂದಲೇ ರಕ್ತಕ್ಕೆ ಸೋರುವ ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಎರಡು ಪ್ರೋಟೀನುಗಳ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2018ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆಧಾರವಾಗಿದ್ದ ಅಧ್ಯಯನದಲ್ಲಿ 1,959 ಮಂದಿ ಇದ್ದರು. ಸಿಟಿ ಸ್ಕ್ಯಾನಿನಲ್ಲಿ ಗಾಯ ಕಂಡವರಲ್ಲಿ ಶೇ. 97.6 ಮಂದಿಯನ್ನು ಪರೀಕ್ಷೆ ಹಿಡಿಯಿತು. ಗಾಯವಿಲ್ಲದವರಲ್ಲಿ ಮೂರನೇ ಎರಡು ಭಾಗದಷ್ಟು ಜನರನ್ನೂ ‘ಇರಬಹುದು’ ಎಂದು ಹಿಡಿಯಿತು. ಅಂದರೆ ‘ಇಲ್ಲ’ ಎಂದರೆ ನಂಬಬಹುದು, ‘ಇದೆ’ ಎಂದರೆ ಸ್ಕ್ಯಾನ್ ಮಾಡಿಸಬೇಕು. 2021ರಲ್ಲಿ ಅಬಾಟ್ ಕಂಪನಿ ಇದನ್ನೇ ಕೈಯಲ್ಲಿ ಹಿಡಿಯುವ ಐ-ಸ್ಟ್ಯಾಟ್ ಯಂತ್ರಕ್ಕೆ ತಂದಿತು. ಒಳಗೆ ನಡೆಯುವುದು ಮೇಲೆ ಹೇಳಿದ ಎರಡು ಪ್ರತಿಕಾಯಗಳ ವಿದ್ಯುತ್ ಆಟವೇ. 2024ರ ಏಪ್ರಿಲ್‌ನಲ್ಲಿ ರಕ್ತವನ್ನು ಸೋಸದೆ ಹಾಗೇ ಹಾಕುವ ಕಾರ್ಟ್ರಿಡ್ಜ್ ಬಂತು, ಹದಿನೈದು ನಿಮಿಷದಲ್ಲಿ ಫಲಿತಾಂಶ. ಇದು ವಯಸ್ಕರಲ್ಲಿ, ಪೆಟ್ಟು ಬಿದ್ದ 24 ಗಂಟೆಯೊಳಗೆ, ಪ್ರಜ್ಞೆ ಹೆಚ್ಚುಕಡಿಮೆ ಸರಿ ಇರುವವರಿಗೆ ಮಾತ್ರ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಮತ್ತು ಸಂಗಡಿಗರು ಎಲೆಕ್ಟ್ರೋಡ್ ಪಟ್ಟಿಗಳನ್ನು ಸಕ್ಕರೆಯಿಂದಾಚೆಗೆ ಎಳೆದರು. ಅವರ ಪಾಥ್‌ಶೋಧ್ ಕಂಪನಿಯ ಅನುಪಾಥ್ ಯಂತ್ರ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರದ ಅಲ್ಬುಮಿನ್ ಮುಂತಾದವನ್ನು ಒಂದೇ ಕಡೆ ಅಳೆಯುತ್ತದೆ. ಭಟ್ಟರಿಗೆ 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. ಕೋವಿಡ್ ಕಾಲದಲ್ಲಿ ಅದೇ ಕಂಪನಿ ಪ್ರತಿಕಾಯಗಳ ಎಲೈಸಾವನ್ನು ಪಟ್ಟಿಗೆ ಇಳಿಸಿತು. ಸಕ್ಕರೆಯಿಂದ ಪ್ರೋಟೀನಿಗೆ ದಾಟುವ ಸೇತುವೆ ನಮ್ಮ ರಾಜ್ಯದಲ್ಲೇ ಆಗಿದೆ ಎಂಬುದು ಸಣ್ಣ ಮಾತಲ್ಲ.

ಇಷ್ಟಾದರೂ ಐಎಲ್-6 ಪಟ್ಟಿ ನಾಳೆಯೇ ತಿಪಟೂರಿನ ತುರ್ತು ಚಿಕಿತ್ಸಾ ಕೊಠಡಿಗೆ ಬಂದರೆ ಮೊದಲ ಗಂಟೆಯಲ್ಲಿ ಅದರಿಂದ ಹೆಚ್ಚು ಉಪಕಾರವಿಲ್ಲ ಎಂದೇ ನನ್ನ ಅನಿಸಿಕೆ. ಮೂವತ್ತು ನಲವತ್ತು ಅಡಿಯಿಂದ ಬಿದ್ದವನಿಗೆ ತಲೆಗಷ್ಟೇ ಪೆಟ್ಟಾಗುವುದು ಅಪರೂಪ. ಬೆನ್ನುಮೂಳೆ, ಪಕ್ಕೆಲುಬು, ಹಿಮ್ಮಡಿಯೂ ಮುರಿದಿರುತ್ತವೆ, ತೊಡೆಮೂಳೆ ಮುರಿದರೂ ಐಎಲ್-6 ಏರುತ್ತದೆ. ಇದು ಊರಿನ ತಮಟೆಯ ಹಾಗೆ, ಸದ್ದು ಕೇಳಿಸುತ್ತದೆ, ಹಬ್ಬವೋ ಸಾವೋ, ಯಾವ ಬೀದಿಯೋ ಸದ್ದೊಂದರಿಂದ ತಿಳಿಯದು. ಸ್ಕೂಟರಿನಿಂದ ಬಿದ್ದು ತಲೆಗಷ್ಟೇ ಏಟಾದವರನ್ನು ನೋಡಿ ಕಟ್ಟಿದ ಲೆಕ್ಕ ತೋಟದಲ್ಲಿ ಬಿದ್ದವರಿಗೆ ಹೊಂದುವುದಿಲ್ಲ. 2025ರಲ್ಲಿ ತಜ್ಞರು ಮಿದುಳಿನ ಗಾಯ ವಿಂಗಡಿಸಲು ಹೊಸ ಚೌಕಟ್ಟು ಪ್ರಕಟಿಸಿದಾಗ ರಕ್ತದ ಸೂಚಕಗಳಾಗಿ ಹೆಸರಿಸಿದ್ದು ಜಿಎಫ್‌ಎಪಿ, ಯುಸಿಎಚ್-ಎಲ್1, ಎಸ್100ಬಿ. ಉರಿಯೂತದ ಸೂಚಕಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಅದೇ ವರ್ಷ ಐಸಿಎಂಆರ್, ನಿಮ್ಹಾನ್ಸ್ ಮತ್ತಿತರರು ಪರಿಚಯಿಸಿದ ಸೆರೆಬೊ ಎಂಬ ಕೈಯಂತ್ರವಂತೂ ರಕ್ತವನ್ನೇ ಕೇಳುವುದಿಲ್ಲ; ಅವಕೆಂಪು ಬೆಳಕು ಹಾಯಿಸಿ ಒಂದು ನಿಮಿಷದಲ್ಲಿ ರಕ್ತಸ್ರಾವ ಹುಡುಕುತ್ತದೆ.

ಉರಿಯೂತದ ಪಟ್ಟಿಗೆ ಜಾಗವಿರುವುದು ಎರಡನೇ ದಿನದಿಂದ ಮುಂದೆ. ಒಂದೇ ರೋಗಿಯಲ್ಲಿ ದಿನಕ್ಕೆರಡು ಸಲ ಅಳೆದು ರೇಖೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುವುದಕ್ಕೆ. ನಿಮ್ಹಾನ್ಸ್‌ನಿಂದ ಬಿಡುಗಡೆಯಾಗಿ ಊರಿಗೆ ಬಂದವನಿಗೆ ಜ್ವರ ಬಂದರೆ ಅದು ಮಿದುಳಿನ ಸೋಂಕೋ, ನ್ಯುಮೋನಿಯಾವೋ, ಮೂತ್ರದ ಟ್ಯೂಬಿನದೋ ಎಂದು ತಲೆ ಕೆಡಿಸಿಕೊಳ್ಳುವ ತಾಲ್ಲೂಕು ವೈದ್ಯರಿಗೆ ಅಂಥದೊಂದು ರೇಖೆ ಕೈಗೆ ಸಿಕ್ಕರೆ ದೊಡ್ಡದು. ಅದು ಬರುವವರೆಗೆ ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲೇ ಇರುವ ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತವನ್ನಾದರೂ ಬರೆದಿಡಬಹುದು. ತಲೆಪೆಟ್ಟಿನವರಲ್ಲಿ ಅದು ಏರಿದಷ್ಟೂ ಚೇತರಿಕೆ ಕಷ್ಟ ಎಂದು ಹಲವು ಅಧ್ಯಯನಗಳು ತೋರಿಸಿವೆ, ಅದಕ್ಕೆ ಹೊಸ ಯಂತ್ರವೂ ಬೇಡ. ಪ್ರತಿಕಾಯದ ಪಟ್ಟಿಗಳಿಗಾದರೋ ತಂಪು ಬೇಕು. ಆರೋಗ್ಯ ಕೇಂದ್ರದ ಐಎಲ್‌ಆರ್ ಎಂಬ ತಂಪು ಪೆಟ್ಟಿಗೆಯಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡುವಂತಿಲ್ಲ, ಆದ್ದರಿಂದ ಯಂತ್ರ ತರಿಸುವವರು ಅದರ ಜೊತೆಗೇ ಲ್ಯಾಬಿಗೊಂದು ಫ್ರಿಜ್ಜನ್ನೂ, ಕರೆಂಟ್ ಹೋದಾಗ ಅದನ್ನು ನಡೆಸುವ ಬ್ಯಾಟರಿಯನ್ನೂ ಬರೆಸಿಕೊಳ್ಳಬೇಕು.