ಸಾಲುಮರ, ಹೆದ್ದಾರಿ ಮತ್ತು ಕಾಡುಪಾಪ: ಬೆಂಗಳೂರಿನ ಉತ್ತರಭಾಗವನ್ನು ಕುರಿತ ಒಂದು ವಿಚಾರ

ರಸ್ತೆಯ ಚರಿತ್ರೆಯನ್ನು ಬರೆಯುವವರು ಅದು ಯಾವ ಊರನ್ನು ಯಾವ ಊರಿಗೆ ಸೇರಿಸಿತೆಂಬುದನ್ನು ವಿವರಿಸುವುದು ವಾಡಿಕೆ. ಅದು ಯಾವುದನ್ನು ಯಾವುದರಿಂದ ಅಗಲಿಸಿತೆಂಬುದೂ ಚರಿತ್ರೆಯ ವಿಷಯವೇ ಸರಿ. ಬೆಂಗಳೂರಿನ ಉತ್ತರಭಾಗವನ್ನು ನಿದರ್ಶನವಾಗಿರಿಸಿಕೊಂಡು ಈ ಎರಡನೆಯ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಯಶವಂತಪುರದ ಸಮೀಪದಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ, ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಯಲಹಂಕದ ಬಳಿಯ ಜಾರಕಬಂಡೆ ಕಾವಲು, ಇವು ಮರಗಳಿಂದ ಕೂಡಿ ಇಂದಿಗೂ ಉಳಿದಿರುವ ವಿಸ್ತಾರಭೂಮಿಗಳು. ಮೊದಲೆರಡು ಆವರಣಗಳಲ್ಲಿ ಕಾಡುಪಾಪದ ವಾಸವು ದಾಖಲೆಯಾಗಿದೆ. ಇರುಳಿನಲ್ಲಿ ಸಂಚರಿಸುವ ಈ ಪುಟ್ಟ ಪ್ರಾಣಿಯು ಕೋತಿಯಂತೆ ನೆಗೆಯಲಾರದು, ಕೊಂಬೆಯಿಂದ ಕೊಂಬೆಗೆ ಕೈಚಾಚಿ ಮೆಲ್ಲನೆ ಸಾಗುತ್ತದೆ, ನೆಲಕ್ಕಿಳಿಯುವುದು ವಿರಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿದೆ. ಆದರೆ ಕಾಯಿದೆಯು ಪ್ರಾಣಿಯನ್ನು ಕಾಯಬಲ್ಲುದೇ ಹೊರತು, ಅದು ನಡೆಯುವ ಕೊಂಬೆಯನ್ನು ಕಾಯುವುದೆಂಬ ಭರವಸೆಯಿಲ್ಲ.

ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದುದಾಗಿ ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇಂತಹ ಸಾಲುಮರಗಳ ಕೊಂಬೆಗಳು ಎರಡು ಕಡೆಯಿಂದಲೂ ಬೆಳೆದು ಮೇಲೆ ಕೂಡಿಕೊಂಡಾಗ, ರಸ್ತೆಯೇ ಮರವಾಸಿಗಳಿಗೆ ಸೇತುವೆಯಾಗುತ್ತದೆ. ರಸ್ತೆಯು ಅಗಲವಾಗಿ ಸಾಲುಮರವು ಅಳಿದರೆ ಆ ಸೇತುವೆಯೂ ಅಳಿಯುತ್ತದೆ. ಹೆಬ್ಬಾಳದ ಮೇಲುಸೇತುವೆ 2003ರಲ್ಲಿ ಪೂರ್ಣಗೊಂಡಿತು. ದೇವನಹಳ್ಳಿಯ ವಿಮಾನನಿಲ್ದಾಣ 2008ರಲ್ಲಿ ತೆರೆಯಿತು. ಬಳ್ಳಾರಿ ರಸ್ತೆಯ ಸ್ವರೂಪವೇ ಆಮೇಲೆ ಬದಲಾಯಿತು. ನಗರದಿಂದ ಹೆಬ್ಬಾಳದವರೆಗೆ ಯೋಜಿಸಿದ್ದ 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆಗಾಗಿ 812 ಮರಗಳನ್ನು ಕಡಿಯಬೇಕಾಗಿತ್ತು. 2016ರಲ್ಲಿ ನಾಗರಿಕರು ಪ್ರತಿಭಟಿಸಿದರು. 2017ರಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. 812 ಎಂಬ ಸಂಖ್ಯೆಯು ಮರಗಳೆಷ್ಟೆಂಬುದನ್ನು ತಿಳಿಸುತ್ತದೆ. ಅವು ಏನನ್ನು ಜೋಡಿಸಿದ್ದುವೆಂಬುದನ್ನು ತಿಳಿಸುವುದಿಲ್ಲ. ಕಡಿದ ಮರಕ್ಕೆ ಪ್ರತಿಯಾಗಿ ದೂರದಲ್ಲೆಲ್ಲೋ ಹತ್ತು ಸಸಿಗಳನ್ನು ನೆಟ್ಟರೂ ತುಂಡಾದ ದಾರಿಯು ಕೂಡಿಬಾರದು.

ಬಂಡೀಪುರದ ಉದಾಹರಣೆಯನ್ನು ಇಲ್ಲಿ ಹೋಲಿಸಬಹುದು. ಅಲ್ಲಿಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂದಿತು. ವಾಹನ ನಿಂತರೆ ಆನೆಯು ರಸ್ತೆಯನ್ನು ದಾಟಬಲ್ಲುದು. ಕಾಡುಪಾಪಕ್ಕಾದರೋ ಬರಿದಾದ ರಸ್ತೆಯೂ ಕಂದಕವೇ. ಆದುದರಿಂದ ಒಂದೇ ಅಳತೆಗೋಲು ಎಲ್ಲ ಪ್ರಾಣಿಗಳಿಗೂ ಸಲ್ಲದು.

ರಸ್ತೆಯೇ ಬೇಡವೆಂಬುದು ನಮ್ಮ ವಾದವಲ್ಲ. ಯಲಹಂಕದ ಜನಕ್ಕೂ ಸಂಚಾರಸೌಕರ್ಯ ಬೇಕು. ಆದರೆ ಕೊಡಲಿಯೆತ್ತುವ ಮೊದಲು ಕೊಂಬೆಗಳು ಎಲ್ಲೆಲ್ಲಿ ಕೂಡುತ್ತವೆ, ಯಾವ ಎಡೆಯಲ್ಲಿ ಕಡಿದರೆ ಎರಡು ತೋಪುಗಳು ಬೇರೆಯಾಗುತ್ತವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ಹಳೆಯ ಗ್ರಾಮನಕ್ಷೆ, ಕಾವಲುಗಳ ದಾಖಲೆ, ಹಿಂದಿನ ಛಾಯಾಚಿತ್ರಗಳನ್ನು ಇಂದಿನ ಸ್ಥಿತಿಯೊಡನೆ ಹೋಲಿಸಿದಲ್ಲದೆ ಕಳೆದುಹೋದುದರ ಅಳತೆ ಸಿಕ್ಕದು. ಈ ಕಾರ್ಯದಲ್ಲಿ ಪ್ರಾಣಿಶಾಸ್ತ್ರಜ್ಞರಿಗೆ ನೆರವಾಗುವ ಹೊಣೆ ಚರಿತ್ರೆಯ ವಿದ್ಯಾರ್ಥಿಗಳದ್ದೂ ಆಗಿದೆ.