ಗ್ರಾಮದೇವತೆಗಳನ್ನು ಕುರಿತು ಬರೆದ ಬಿಷಪ್ಪರು

ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಗಳಲ್ಲಿ ಊರಂಚಿನ ಬೇವಿನ ಮರದಡಿ ನೆಲಸಿರುವ ಮಾರಮ್ಮನಂಥ ದೇವತೆಗಳನ್ನು ನಮ್ಮ ಪಂಡಿತರು ಬಹುಕಾಲ ಉಪೇಕ್ಷಿಸಿದ್ದಾಗ, ಅವುಗಳ ವೃತ್ತಾಂತವನ್ನು ಶ್ರದ್ಧೆಯಿಂದ ಸಂಗ್ರಹಿಸಿದವರಲ್ಲಿ ಆಂಗ್ಲಿಕನ್ ಬಿಷಪ್ಪರೊಬ್ಬರಿದ್ದರೆಂಬುದು ವಿಚಿತ್ರವಾದರೂ ಸತ್ಯ. 1853ರಲ್ಲಿ ಜನಿಸಿದ ಹೆನ್ರಿ ವೈಟ್‌ಹೆಡ್ಡರು ತತ್ತ್ವಜ್ಞ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ಡರ ಅಗ್ರಜರು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಮಾಡಿ, ಕಲ್ಕತ್ತೆಯ ಬಿಷಪ್ಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದು, 1899ರಿಂದ 1922ರವರೆಗೆ ಮದರಾಸಿನ ಬಿಷಪ್ ಪದವಿಯಲ್ಲಿದ್ದರು. ಮೈಸೂರು ಸಂಸ್ಥಾನದ ಆಂಗ್ಲಿಕನ್ ಸಭೆಗಳೂ ಆಗ ಆ ಪೀಠಕ್ಕೇ ಅಧೀನವಾಗಿದ್ದುವು. ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್ಪರಾಗಿ 1912ರಲ್ಲಿ ವಿ. ಎಸ್. ಅಜರಯ್ಯನವರು ಅಭಿಷಿಕ್ತರಾದುದರ ಹಿಂದೆಯೂ ಇವರ ಪ್ರಯತ್ನವಿದ್ದಿತು.

ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತು 1916ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ತಮಿಳು ತೆಲುಗು ನಾಡುಗಳ ದೇವತೆಗಳೊಡನೆ ಬೆಂಗಳೂರಿನ ಅಣ್ಣಮ್ಮನೂ ಆಕೆಯ ಸೋದರಿಯರೂ ಬರುತ್ತಾರೆ. ಈ ದೇವತೆಗಳು ಬಹುಮಟ್ಟಿಗೆ ಸ್ತ್ರೀಯರೆಂಬುದನ್ನೂ, ಪೂಜಾರಿಗಳು ಸಾಮಾನ್ಯವಾಗಿ ಬ್ರಾಹ್ಮಣೇತರರೆಂಬುದನ್ನೂ, ಸಿಡುಬು ಕಾಲರಾಗಳಂತಹ ಉಪದ್ರವಗಳ ಶಮನಕ್ಕಾಗಿಯೇ ಪ್ರಾಣಿಬಲಿ ನಡೆಯುತ್ತಿದ್ದಿತೆಂಬುದನ್ನೂ ಅವರು ವಿಶದವಾಗಿ ನಿರೂಪಿಸಿರುವರು. ಆದರೆ ಬಲಿಪೂಜೆಯಿಂದ ಜುಗುಪ್ಸೆಗೊಂಡ ಪಾದ್ರಿಯು ಒಮ್ಮೊಮ್ಮೆ ವಿದ್ವಾಂಸನ ಕೈಯಿಂದ ಲೇಖನಿಯನ್ನು ಕಸಿದುಕೊಂಡು ತೀರ್ಪು ಬರೆದುಬಿಡುತ್ತಾನೆ! ನಮ್ಮ ಹಳ್ಳಿಗಳ ಚರಿತ್ರೆಯನ್ನು ಬರೆಯಹೊರಟವರು ಆ ತೀರ್ಪನ್ನು ಬದಿಗಿರಿಸಿ, ವಿವರಗಳನ್ನು ಮಾತ್ರ ಗಮನವಿಟ್ಟು ಓದತಕ್ಕದ್ದು.