ಪಹಣಿಯ ಹನ್ನೆರಡನೇ ಕಾಲಂ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ನಾಡಿನ ಗಣಕೀಕರಣದ ಚರಿತ್ರೆಗೆ ಸೇರುವುದು ಆ ಊರಿನ ಮಗ ಎಸ್.ಎಂ. ಕೃಷ್ಣರ ಮೂಲಕ. 1932ರಲ್ಲಿ ಅಲ್ಲಿ ಹುಟ್ಟಿದ ಅವರು 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದರು. ಜಮೀನಿನ ದಾಖಲೆಗಳನ್ನು ಗಣಕೀಕರಿಸುವ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದದ್ದು ಆಗಲೇ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು; 15 ರೂಪಾಯಿ ಕಟ್ಟಿದವರ ಕೈಗೆ ಅಚ್ಚಾದ ಪ್ರತಿ ಸಿಕ್ಕಿತು. ಈಗ ಸೋಮನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಅಂಥ ಕಡೆ ಸಣ್ಣ ಉದ್ಯಮ ನಡೆಸುವವರಿಗೆ ಪತ್ರ, ಲೆಕ್ಕ, ಇಮೇಲ್ ಎಲ್ಲಕ್ಕೂ ಕ್ಲೌಡ್ ತಂತ್ರಾಂಶ ಬೇಕು, ಅದಕ್ಕೆ ತಲೆಗಿಷ್ಟೆಂದು ಚಂದಾ ಕಟ್ಟಬೇಕು. ಈ ಖರ್ಚನ್ನು ಹದ್ದುಬಸ್ತಿನಲ್ಲಿ ಇಡುವ ಕ್ರಮ ನಮ್ಮ ಪಹಣಿಯ ಚರಿತ್ರೆಯಲ್ಲೇ ಇದೆ ಎಂಬುದು ನನ್ನ ವಾದ.

ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಊರಿನ ಜಮೀನಿನ ಲೆಕ್ಕ ಒಂದು ಮನೆತನದ ಕೈಯಲ್ಲಿರುತ್ತಿತ್ತು. ತನ್ನ ಹೊಲದ ವಿವರ ಬೇಕಾದ ರೈತ ಆ ಮನೆಯ ಜಗಲಿಗೆ ಹೋಗಬೇಕಿತ್ತು. 1961ರ ಕಾಯ್ದೆ ಆ ಹುದ್ದೆಗಳನ್ನು ರದ್ದು ಮಾಡಿತು, 1963ರಲ್ಲಿ ಅದು ಜಾರಿಗೆ ಬಂತು. ಲೆಕ್ಕದ ಪುಸ್ತಕ ಸರ್ಕಾರಿ ನೌಕರನ ಕೈಗೆ ಹೋಯಿತು. ಆದರೆ ಪುಸ್ತಕ ಯಾರ ಬಳಿ ಇದೆ ಎಂಬುದಕ್ಕಿಂತ ಅದರಲ್ಲಿ ಏನು ಬರೆದಿದೆ ಎಂಬುದು ದೊಡ್ಡದೆಂದು 1974ರಲ್ಲಿ ಗೊತ್ತಾಯಿತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಉಳುವವನಿಗೇ ಹೊಲ ಎಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು. ಹನ್ನೆರಡರಲ್ಲಿ ಹೆಸರು ಇದ್ದವನಿಗೆ ಭೂ ನ್ಯಾಯಮಂಡಳಿಯ ಮುಂದೆ ಅದು ಗಟ್ಟಿ ಆಧಾರವಾಯಿತು. ವರ್ಷಗಟ್ಟಲೆ ಉತ್ತಿದ್ದರೂ ಹೆಸರು ಬರೆಸದೆ ಬಿಟ್ಟವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು.

ತಂತ್ರಾಂಶದ ದಾರಿ ಇದಕ್ಕೆ ತಿರುಗುಮುರುಗು. ಮೊದಲು ಒಂದು ಸಲ ದುಡ್ಡು ಕೊಟ್ಟು ಡಬ್ಬಿ ತಂದರೆ ಕಂಪ್ಯೂಟರ್ ಇರುವವರೆಗೂ ಬಳಸಬಹುದಿತ್ತು. ಕನ್ನಡದ ಕೆಲಸಕ್ಕಂತೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಪುಕ್ಕಟೆಯಾಗಿಯೇ ದೊರೆಯಿತು. 2011ರಲ್ಲಿ ಮೈಕ್ರೋಸಾಫ್ಟ್ ‘ಆಫೀಸ್ 365’ ತಂದಿತು. 2013ರಲ್ಲಿ ಅಡೋಬಿ ತನ್ನ ವಿನ್ಯಾಸ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾದಾರರಿಗೆ ಮಾತ್ರ ಎಂದಿತು. ಹೀಗೆ ಸ್ವಂತದ್ದು ಗೇಣಿಯಾಯಿತು. ಗೇಣಿ ಏರುವುದೂ ಉಂಟು. 2022ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ವ್ಯಾಪಾರ ಸಂಸ್ಥೆಗಳ ದರ ಹೆಚ್ಚಿಸಿತು. ಅದೇ ವರ್ಷ ಗೂಗಲ್, ತನ್ನ ಕಚೇರಿ ತಂತ್ರಾಂಶದ ಹಳೆಯ ಉಚಿತ ಆವೃತ್ತಿಯನ್ನು ಬಳಸುತ್ತಿದ್ದ ವ್ಯಾಪಾರ ಸಂಸ್ಥೆಗಳಿಗೆ ಹಣ ಕಟ್ಟಿ ಎಂದಿತು. 2025ರ ಏಪ್ರಿಲಿನಿಂದ ಮೈಕ್ರೋಸಾಫ್ಟಿನಲ್ಲಿ ವರ್ಷದ ಕರಾರು ಮಾಡಿಕೊಂಡು ತಿಂಗಳು ತಿಂಗಳು ಕಟ್ಟುವವರಿಗೆ ಶೇ. 5ರಷ್ಟು ಹೆಚ್ಚು.

ಆದರೂ ಸಣ್ಣ ಉದ್ಯಮದ ಹಣ ಹೆಚ್ಚಾಗಿ ಸೋರುವುದು ದರ ಏರಿಕೆಯಿಂದ ಅಲ್ಲ, ಹನ್ನೆರಡನೇ ಕಾಲಂ ಖಾಲಿ ಬಿಟ್ಟಿದ್ದರಿಂದ, ಅಂದರೆ ಖಾತೆಯನ್ನು ನಿಜಕ್ಕೂ ಬಳಸುವವರು ಯಾರೆಂದು ಬರೆದಿಡದ್ದರಿಂದ. 20 ಖಾತೆ, ತಲೆಗೆ ತಿಂಗಳಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 48,000, ಶೇ. 18 ಜಿಎಸ್‌ಟಿ ಸೇರಿದರೆ 56,640. ಕೆಲಸ ಬಿಟ್ಟು ಹೋದವರು, ಗೋದಾಮಿನಲ್ಲಿದ್ದು ಖಾತೆಯನ್ನೇ ತೆರೆಯದವರು ಎಂದು ಆರು ಖಾತೆ ಬೀಳುಬಿದ್ದಿದ್ದರೆ 16,992 ರೂಪಾಯಿ ಉಳದ ಹೊಲಕ್ಕೆ ಕಟ್ಟಿದ ಗೇಣಿ. ನೋಂದಾಯಿತ ವ್ಯಾಪಾರಿಗೆ ತೆರಿಗೆಯ ಭಾಗ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಮರಳಬಹುದು. ಉಳಿದ 14,400 ಹೋದದ್ದೇ.

ಗೇಣಿಯ ಹೋಲಿಕೆ ಅತಿಯಾಯಿತು, ರೈತನಿಗೆ ಬೇರೆ ಹೊಲ ಇರಲಿಲ್ಲ, ವ್ಯಾಪಾರಿಗೆ ಬೇರೆ ತಂತ್ರಾಂಶ ಇದೆ ಎನ್ನಬಹುದು. ಒಪ್ಪುತ್ತೇನೆ, ಗೇಣಿದಾರ ಉಂಡ ಕಷ್ಟವನ್ನು ಇದಕ್ಕೆ ಸಮ ಮಾಡುವುದು ತಪ್ಪು. ಹೋಲಿಕೆ ದಾಖಲೆಯ ಮಟ್ಟಿಗೆ ಮಾತ್ರ. ಹಾಗಿದ್ದರೆ ಪುಕ್ಕಟೆಯ ಲಿಬ್ರೆಆಫೀಸಿಗೆ ಎಲ್ಲರೂ ಹೋಗಲಿ ಎಂಬುದು ಇನ್ನೊಂದು ಮಾತು. ಪತ್ರ, ಪಟ್ಟಿ ಮಾಡುವವರಿಗೆ ಅದು ಸಾಕು, ಹೋಗಲೇಬೇಕು. ಆದರೆ ಒಂದೇ ಕಡತವನ್ನು ನಾಲ್ವರು ಬೇರೆ ಬೇರೆ ಊರಿನಿಂದ ಒಟ್ಟಿಗೆ ತಿದ್ದುವ ಕಡೆ, ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಯಬೇಕಾದ ಕಡೆ ಚಂದಾ ಕಟ್ಟುವುದು ನ್ಯಾಯವೇ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳ ಕಡತಗಳನ್ನು ಪರಿವರ್ತಿಸುವ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾರಿಗೆ ಏನು ಬೇಕು ಎಂದು ತೀರ್ಮಾನಿಸುವುದಕ್ಕೂ ಮೊದಲು ಬೇಕಾದದ್ದು ಪಹಣಿಯೇ.

ಉದ್ಯಮ ನಡೆಸುವವರು ಒಂದು ಹಾಳೆ ತೆಗೆದುಕೊಳ್ಳಿ. ಖಾತೆ ಯಾರ ಹೆಸರಿನಲ್ಲಿದೆ, ನಿಜಕ್ಕೂ ಬಳಸುವವರು ಯಾರು, ಕೊನೆಯ ಸಲ ತೆರೆದದ್ದು ಯಾವಾಗ, ಕರಾರು ಮುಗಿಯುವ ತಾರೀಖು ಯಾವುದು ಎಂದು ಬರೆಯಿರಿ. ಮುಖ್ಯ ಕಡತಗಳ ಒಂದು ಪ್ರತಿ ನಿಮ್ಮದೇ ಡಿಸ್ಕಿನಲ್ಲೂ ಇರಲಿ. ನವೀಕರಣಕ್ಕೆ ಒಂದು ತಿಂಗಳು ಇರುವಾಗಲೇ ಈ ಕೆಲಸ ಮುಗಿಸಿ. ಕರಾರು ತಾನಾಗಿ ಮುಂದುವರಿದ ಮೇಲೆ ಖಾತೆ ಕಡಿಮೆ ಮಾಡಲು ಮತ್ತೆ ಒಂದು ವರ್ಷ ಕಾಯಬೇಕಾಗಬಹುದು.